ನಮ್ಮ ಬೀದಿಗೆ ರಸ್ತೆ ಮಾಡಿಸುವುದು ಹೇಗೆ? ಪುರಸಭೆಯ ಹಣ ಹಂಚಿಕೆಯಿಂದ ಕಾಮಗಾರಿ ಮುಗಿಯುವವರೆಗೆ

ಪ್ರತಿ ಮಳೆಗಾಲದಲ್ಲೂ ಓದುಗರಿಂದ ಬರುವುದು ಒಂದೇ ಪ್ರಶ್ನೆ: "ಮೆಂಬರಿಗೆ ಹೇಳಿ ಹೇಳಿ ಸಾಕಾಯ್ತು. ನಮ್ಮ ಬೀದಿಗೆ ರಸ್ತೆ ಮಾಡಿಸೋದು ಹೇಗೆ?" ಇಷ್ಟು ದಿನ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತಿದ್ದೆ. ಈಗ ಎಲ್ಲರಿಗೂ ಸೇರಿಸಿ, ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ರಸ್ತೆಗೆ ಹಣ ಬರುವುದು "ಕ್ರಿಯಾ ಯೋಜನೆ" ಎಂಬ ಪಟ್ಟಿಯ ಮೂಲಕ. ಯಾವ ಅನುದಾನದಲ್ಲಿ, ಯಾವ ಕೆಲಸ, ಎಷ್ಟು ಮೊತ್ತಕ್ಕೆ ಎಂದು ಬರೆದ ಪಟ್ಟಿ ಅದು. ಆ ಪಟ್ಟಿಯಲ್ಲಿ ನಿಮ್ಮ ಬೀದಿಯ ಹೆಸರಿನ ಒಂದು ಸಾಲು ಇಲ್ಲದಿದ್ದರೆ ಸದಸ್ಯರು ಎಷ್ಟೇ ಒಳ್ಳೆಯವರಾಗಿರಲಿ, ಎಂಜಿನಿಯರು ಎಷ್ಟೇ ಮನಸ್ಸು ಮಾಡಲಿ, ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. ಆ ಸಾಲನ್ನು ಬರೆಸುವುದು, ಬರೆದದ್ದು ನಡುವೆ ಬದಲಾಗದಂತೆ ನೋಡಿಕೊಳ್ಳುವುದು, ಬರೆದಷ್ಟು ಕೆಲಸ ನೆಲದ ಮೇಲೆ ಆಗುವಂತೆ ಮಾಡುವುದು, ಈ ಮೂರೇ ನಿಮ್ಮ ಕೆಲಸ.

ಇಲ್ಲಿ ಹೇಳಿರುವುದು ಕರ್ನಾಟಕದ ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳಲ್ಲಿ ನಡೆಯುವ ಕ್ರಮ. ಇವೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆಯಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳ ಹೊಸ ವ್ಯವಸ್ಥೆ ಬಂದಿದೆ, ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಹಳ್ಳಿಯವರಿಗೆ ಕೆಳಗೆ ಒಂದೆರಡು ಮಾತು ಸೇರಿಸಿದ್ದೇನೆ.

ಏನೇನು ಬೇಕು

ಈ ಸಾಲಿನ ಆಸ್ತಿ ತೆರಿಗೆ ರಸೀದಿ, ಬೀದಿಯ ನಾಲ್ಕು ಫೋಟೊ, ಉದ್ದ ಅಗಲ ಅಳೆಯಲು ಒಂದು ಟೇಪು, ಬೀದಿಯಲ್ಲಿರುವ ಮನೆಗಳ ಆಸ್ತಿ ಸಂಖ್ಯೆ, ಅಕ್ಕಪಕ್ಕದವರ ಸಹಿ. ಒಂದು ನೋಟ್‌ಬುಕ್ಕೂ ಇರಲಿ. ಯಾವ ದಿನ ಯಾರನ್ನು ಕಂಡೆ, ಅವರು ಏನೆಂದರು ಎಂದು ಅದರಲ್ಲಿ ಬರೆಯುತ್ತಾ ಹೋಗಿ. ಒಂದು ರಸ್ತೆಗೆ ವರ್ಷ ಒಂದೂವರೆ ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟರಲ್ಲಿ ಅಧಿಕಾರಿಗಳಿಗೆ ವರ್ಗಾವಣೆ ಆಗಿರುತ್ತದೆ, ನಿಮಗೂ ಅರ್ಧ ಮರೆತಿರುತ್ತದೆ.

ಹಂತ 1: ರಸ್ತೆ ಯಾರದು ಎಂದು ತಿಳಿದುಕೊಳ್ಳಿ

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಊರೊಳಗೆ ಹಾದುಹೋಗುವ ರಸ್ತೆಗಳೆಲ್ಲ ಪುರಸಭೆಯವಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಗೆ ಬೇರೆ ವಿಭಾಗ ಅಥವಾ ಪ್ರಾಧಿಕಾರವಿದೆ. ಊರ ಗಡಿ ದಾಟಿದ ಮೇಲಿನ ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಬೇರೆ ಇಲಾಖೆಯ ರಸ್ತೆಗೆ ಪುರಸಭೆಯಲ್ಲಿ ಅರ್ಜಿ ಕೊಟ್ಟರೆ "ಸಂಬಂಧಿಸಿದ ಇಲಾಖೆಗೆ ಬರೆಯಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಒಂದು ವರ್ಷ ಹಾಗೇ ಕಳೆದುಹೋಗುತ್ತದೆ.

ಬಡಾವಣೆಯಲ್ಲಿ ಮನೆ ಕಟ್ಟಿದವರಿಗೆ ಇನ್ನೊಂದು ತೊಡಕಿದೆ. ನಗರಾಭಿವೃದ್ಧಿ ಪ್ರಾಧಿಕಾರದ್ದಾಗಲಿ ಖಾಸಗಿಯವರದ್ದಾಗಲಿ, ಬಡಾವಣೆಯ ರಸ್ತೆ ಮತ್ತು ಉದ್ಯಾನವನದ ಜಾಗ ಕಾಗದದ ಮೇಲೆ ಪುರಸಭೆಗೆ ಹಸ್ತಾಂತರ ಆಗಿರಬೇಕು. ಆಗಿರದಿದ್ದರೆ ಪುರಸಭೆ ಅಲ್ಲಿ ಹಣ ಹಾಕಿದ್ದಕ್ಕೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುತ್ತದೆ, ಅದಕ್ಕೇ ಅಧಿಕಾರಿಗಳು ಹಿಂದೇಟು ಹಾಕುತ್ತಾರೆ. "ತೆರಿಗೆ ಕಟ್ಟಿಸಿಕೊಳ್ಳುತ್ತೀರಿ, ರಸ್ತೆ ಯಾಕಿಲ್ಲ?" ಎಂದು ಜಗಳಕ್ಕೆ ನಿಲ್ಲುವ ಮೊದಲು "ನಮ್ಮ ಬಡಾವಣೆ ಹಸ್ತಾಂತರ ಆಗಿದೆಯೇ? ಆಗಿದ್ದರೆ ಯಾವ ದಿನಾಂಕ?" ಎಂದು ಕೇಳಿ. ಆಗಿಲ್ಲವಾದರೆ ನಿಮ್ಮ ಮೊದಲ ಅರ್ಜಿ ಹಸ್ತಾಂತರಕ್ಕೆ. ರಸ್ತೆಯ ಅರ್ಜಿ ಅದರ ನಂತರ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಮಾಡಿಕೊಳ್ಳೋಣ. ವಾಹನ ಕೊಳ್ಳುವಾಗ ಕಟ್ಟುವ "ರೋಡ್ ಟ್ಯಾಕ್ಸ್" ಸಾರಿಗೆ ಇಲಾಖೆಯ ಮೂಲಕ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ಪುರಸಭೆಗೆ ಅಲ್ಲ. ಮುಖ್ಯಾಧಿಕಾರಿಯ ಮುಂದೆ ಆ ವಾದ ಹೂಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹಂತ 2: ಹಣ ಎಲ್ಲಿಂದ ಬರುತ್ತದೆ

ಪುರಸಭೆಯ ಕೈಯಲ್ಲಿ ಒಂದು ದೊಡ್ಡ ಡಬ್ಬಿ ಇದೆ, ಅದರಿಂದ ತೆಗೆದು ರಸ್ತೆ ಮಾಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜದಲ್ಲಿ ಬೇರೆ ಬೇರೆ ಡಬ್ಬಿಗಳಿವೆ, ಒಂದೊಂದಕ್ಕೂ ಒಂದೊಂದು ಕಟ್ಟಳೆಯಿದೆ.

ಮೊದಲನೆಯದು ಸ್ವಂತ ನಿಧಿ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಕಟ್ಟಡ ಪರವಾನಗಿ ಮತ್ತು ಉದ್ದಿಮೆ ಪರವಾನಗಿ ಶುಲ್ಕಗಳು ಇಲ್ಲಿಗೆ ಬರುತ್ತವೆ. ಆದರೆ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಹತ್ತಿರ ಹಿಡಿದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ, ನಗರ ಸಾರಿಗೆ ಎಂದು ಉಪಕರಗಳ ಸಾಲುಗಳಿರುತ್ತವೆ. ಇವನ್ನು ವಸೂಲು ಮಾಡುವುದು ಪುರಸಭೆಯಾದರೂ ಆಯಾ ಉದ್ದೇಶದ ಖಾತೆಗೆ ಕಟ್ಟಬೇಕು, ನಿಮ್ಮ ಬೀದಿಗೆ ಬಳಸುವಂತಿಲ್ಲ. ಉಳಿದ ತೆರಿಗೆಯಲ್ಲಿ ಹೊರಗುತ್ತಿಗೆ ಸಿಬ್ಬಂದಿಯ ಕೂಲಿ, ಕಸದ ಗಾಡಿಯ ಡೀಸೆಲ್, ಕೊಳವೆಬಾವಿ ಮೋಟರಿನ ರಿಪೇರಿ ಎಲ್ಲ ಕಳೆದರೆ ಸಣ್ಣ ಪಟ್ಟಣಗಳಲ್ಲಿ ರಸ್ತೆಗೆ ಉಳಿಯುವುದು ಬಹಳ ಕಡಿಮೆ. ಗುಂಡಿ ಮುಚ್ಚುವಂಥ ನಿರ್ವಹಣೆ ಕೆಲಸ ಹೆಚ್ಚಾಗಿ ಇದರಲ್ಲೇ ಆಗುತ್ತದೆ.

ಎರಡನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ. ಕಚೇರಿಯಲ್ಲಿ ಇದನ್ನು "ಎಸ್‌ಎಫ್‌ಸಿ" ಎನ್ನುತ್ತಾರೆ. ಇದರಲ್ಲಿ "ಮುಕ್ತನಿಧಿ" ಎಂಬ ಭಾಗವಿದೆ. ಇಂಥದಕ್ಕೇ ಖರ್ಚು ಮಾಡಿ ಎಂದು ಮೇಲಿನಿಂದ ಕಟ್ಟಿಹಾಕದ ಹಣ ಅದು. ಬಡಾವಣೆಯೊಳಗಿನ ಬೀದಿಗಳಿಗೆ ಸಿಗುವ ರಸ್ತೆ, ಚರಂಡಿಗಳಲ್ಲಿ ಬಹಳಷ್ಟು ಇದರಿಂದಲೇ ಬರುತ್ತವೆ.

ಮೂರನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ ಅವಧಿ 2025–26ಕ್ಕೆ ಮುಗಿಯುವಂಥದ್ದು. ಅದರಲ್ಲಿ ನಮ್ಮಂಥ ಪಟ್ಟಣಗಳಿಗೆ ಬರುವ ಹಣದ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಎಂಬ ಷರತ್ತಿತ್ತು. ರಸ್ತೆ ಕೇಳುವವರಿಗೆ ಉಳಿಯುತ್ತಿದ್ದುದು ಮಿಕ್ಕ ಶೇ. 40ರ ಭಾಗ, ಅದರಲ್ಲೂ ಬೀದಿ ದೀಪ, ಉದ್ಯಾನ, ಸ್ಮಶಾನ ಎಂದು ಪೈಪೋಟಿ. ಹೀಗಾಗಿ "ಕೇಂದ್ರದಿಂದ ಇಷ್ಟು ಲಕ್ಷ ಬಂತಂತೆ" ಎಂದು ಪತ್ರಿಕೆಯಲ್ಲಿ ಓದಿದ ಕೂಡಲೇ ಅಷ್ಟೂ ರಸ್ತೆಗೆ ಬಂದಿದೆ ಎಂದು ಲೆಕ್ಕ ಹಾಕಬೇಡಿ. ಯಾವ ಆಯೋಗದ ಯಾವ ವರ್ಷದ ಕಂತು, ಅದಕ್ಕೆ ಷರತ್ತೇನು ಎಂದು ಲೆಕ್ಕಶಾಖೆಯಲ್ಲಿ ಕೇಳಿಕೊಳ್ಳಿ.

ನಾಲ್ಕನೆಯದು ವಿಶೇಷ ಕಾರ್ಯಕ್ರಮಗಳು. ರಾಜ್ಯದ ನಗರೋತ್ಥಾನ ಯೋಜನೆ ಇದರಲ್ಲಿ ಮುಖ್ಯ. ಊರಿನ ದೊಡ್ಡ ರಸ್ತೆ, ಮಳೆನೀರು ಕಾಲುವೆಯಂಥ ಕೆಲಸಗಳು ಇದರಲ್ಲಿ ಪ್ಯಾಕೇಜ್ ಆಗಿ ಬರುತ್ತವೆ, ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ ಮೇಲುಸ್ತುವಾರಿ ನೋಡುತ್ತದೆ. ನಿಮ್ಮದು ನೂರು ಮೀಟರಿನ ಅಡ್ಡರಸ್ತೆಯಾದರೆ ಇದಕ್ಕೆ ಕಾಯುತ್ತಾ ಕೂರಬೇಡಿ.

ಇವಲ್ಲದೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ ರೂಪಾಯಿ. ಇಡೀ ಕ್ಷೇತ್ರಕ್ಕೆ ಅಷ್ಟೇ. ಬಸ್ ತಂಗುದಾಣಕ್ಕೆ ಇಲ್ಲಿ ಕೇಳುವುದು ಒಳ್ಳೆಯ ದಾರಿ, ಯಾಕೆಂದರೆ ಅದು ಸಣ್ಣ ಮೊತ್ತದಲ್ಲಿ ಮುಗಿಯುವ, ಹತ್ತಾರು ಹಳ್ಳಿಯವರಿಗೆ ಆಗುವ ಕೆಲಸ. ಬಸ್ಸು ಬಿಡಿಸುವುದು ಮಾತ್ರ ಸಾರಿಗೆ ನಿಗಮದ ಡಿಪೊಗೆ ಸೇರಿದ್ದು, ಪುರಸಭೆಯಿಂದ ಆಗುವುದಿಲ್ಲ.

ಹಂತ 3: ನಿಮ್ಮ ವಾರ್ಡಿಗೆ ಬರುವ ಪಾಲು ಎಷ್ಟು

ಒಂದು ಲೆಕ್ಕ ಮಾಡಿ ನೋಡೋಣ. ಇದು ಉದಾಹರಣೆಗಾಗಿ ಹಿಡಿದ ಮೊತ್ತ. ಒಂದು ಪುರಸಭೆಗೆ ಮುಕ್ತನಿಧಿಯಲ್ಲಿ ಕಾಮಗಾರಿಗೆಂದು 1 ಕೋಟಿ ಬಂತು, ಊರಲ್ಲಿ 23 ವಾರ್ಡುಗಳಿವೆ ಎಂದುಕೊಳ್ಳಿ.

ಮೊದಲು ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ತೆಗೆದಿಡಬೇಕು: 24.10 ಲಕ್ಷ. ಇತರ ಹಿಂದುಳಿದ ಬಡವರಿಗೆ ಶೇ. 7.25: 7.25 ಲಕ್ಷ. ಅಂಗವಿಕಲರಿಗೆ ಶೇ. 5: 5 ಲಕ್ಷ. ಉಳಿಯುವುದು 63.65 ಲಕ್ಷ. ಹಿಂದಿನ ವರ್ಷ ಮುಗಿಯದ ಕಾಮಗಾರಿಗಳ ಬಾಕಿ ಬಿಲ್ಲು ಒಂದೂ ಇಲ್ಲ ಎಂದಿಟ್ಟುಕೊಂಡರೂ, ವಾರ್ಡಿಗೆ ಸಮನಾಗಿ ಹಂಚಿದರೆ ಸಿಗುವುದು ಸುಮಾರು 2.77 ಲಕ್ಷ.

ಈಗ ನಿಮ್ಮ ಬೀದಿ. 100 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿ.ಸಿ., ಅಂದರೆ ಸಿಮೆಂಟ್ ಕಾಂಕ್ರೀಟ್ ರಸ್ತೆಗೆ ಕಾಂಕ್ರೀಟೇ 60 ಘನ ಮೀಟರ್ ಬೇಕು. ಅದರ ಕೆಳಗಿನ ಜಲ್ಲಿ ಹಾಸು, ಮಣ್ಣು ಕೆಲಸ, ಎರಡೂ ಬದಿಯ ಚರಂಡಿ ಬೇರೆ. ಈಗಿನ ದರ ಎಷ್ಟೆಂದು ನಿಮ್ಮ ವಾರ್ಡಿನ ಕಿರಿಯ ಎಂಜಿನಿಯರನ್ನು, ಅಂದರೆ ಜೆ.ಇ. ಅವರನ್ನು ಕೇಳಿ, 60ರಿಂದ ಗುಣಿಸಿ. ಒಂದು ವಾರ್ಡಿನ ಇಡೀ ವರ್ಷದ ಪಾಲು ಒಂದು ಅಡ್ಡರಸ್ತೆಗೂ ಯಾಕೆ ಸಾಲುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ.

ಈ ಲೆಕ್ಕ ತಿಳಿದವರು ಅರ್ಜಿಯನ್ನೇ ಬೇರೆ ಥರ ಬರೆಯುತ್ತಾರೆ. "ಬಡಾವಣೆಯ ಎಲ್ಲ ರಸ್ತೆಗಳಿಗೆ ಡಾಂಬರು ಹಾಕಿಸಿ" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಕೆಲಸ ಆಗುವುದಿಲ್ಲ. "ಶಾಲೆಯ ಮೂಲೆಯಿಂದ ನೀರಿನ ಟ್ಯಾಂಕಿನವರೆಗಿನ 80 ಮೀಟರ್, ಮೊದಲು ಚರಂಡಿ, ಮುಂದಿನ ವರ್ಷ ರಸ್ತೆ" ಎಂದು ಕೇಳಿದರೆ ಜೆ.ಇ. ಅದನ್ನು ಒಂದು ವಾರ್ಡಿನ ಮೊತ್ತದಲ್ಲಿ ಕೂರಿಸಲು ಸಾಧ್ಯ.

ಪರಿಶಿಷ್ಟ ಜಾತಿ, ಪಂಗಡದ ಕಾಲೊನಿಗಳಲ್ಲಿರುವ ಓದುಗರಿಗೆ ವಿಶೇಷವಾಗಿ ಹೇಳುತ್ತೇನೆ. ಶೇ. 24.10ರ ಹಣ ನಿಮ್ಮ ಹಕ್ಕಿನ ಹಣ, ಯಾರ ಕೃಪೆಯೂ ಅಲ್ಲ. ನಿಮ್ಮ ಬೀದಿಯ ರಸ್ತೆ, ಚರಂಡಿಗೆ ಅದರಲ್ಲೇ ಕೇಳಿ, ಅರ್ಜಿಯಲ್ಲಿ "ಶೇ. 24.10ರ ಅನುದಾನದಲ್ಲಿ" ಎಂದು ಸ್ಪಷ್ಟವಾಗಿ ಬರೆಯಿರಿ. ಆ ತಲೆಬರಹದಡಿ ಆಗಿರುವ ಕಾಮಗಾರಿಗಳ ಪಟ್ಟಿ ತರಿಸಿಕೊಂಡು, ಹೇಳಿದ ಜಾಗದಲ್ಲೇ ಆಗಿವೆಯೇ ಎಂದು ನಡೆದು ನೋಡಿ. ಕಾಲೊನಿಯ ಹೆಸರಿನಲ್ಲಿ ಮಂಜೂರಾದ ರಸ್ತೆ ಪಕ್ಕದ ಬೀದಿಯಲ್ಲಿ ಮುಗಿದಿರುವುದು ಕಂಡರೆ ಸುಮ್ಮನಿರಬೇಡಿ.

ಹಂತ 4: ಯಾವಾಗ ಹೋಗಬೇಕು

ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನಿಮ್ಮ ಓಡಾಟವೂ ಅದಕ್ಕೆ ಹೊಂದಿಕೊಂಡಿರಬೇಕು.

ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್–ಜನವರಿ ಹೊತ್ತಿಗೆ, ಪುರಸಭೆ "ಆಯವ್ಯಯ ಪೂರ್ವಭಾವಿ ಸಭೆ" ಕರೆಯುತ್ತದೆ. ಮುಂದಿನ ವರ್ಷದ ಬಜೆಟ್ಟಿಗೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಇದು. ಸ್ಥಳೀಯ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬರುತ್ತದೆ, ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ನಾನು ಕಂಡ ಇಂಥ ಸಭೆಗಳಲ್ಲಿ ಬಹುತೇಕ ಕುರ್ಚಿಗಳು ಖಾಲಿ ಇದ್ದವು. ಹತ್ತು ಜನ ಒಟ್ಟಿಗೆ ಹೋಗಿ, ಲಿಖಿತ ಸಲಹೆ ಕೊಟ್ಟು, ನಡಾವಳಿಯಲ್ಲಿ ಸೇರಿಸಿ ಎಂದು ಕೇಳಿದರೆ ಅದನ್ನು ಪಕ್ಕಕ್ಕಿಡುವುದು ಕಷ್ಟ. ನಡಾವಳಿ ಎಂದರೆ ಸಭೆಯಲ್ಲಿ ಏನಾಯಿತು ಎಂಬ ಅಧಿಕೃತ ದಾಖಲೆ.

ಮಾರ್ಚ್ ಮುಗಿಯುವುದರೊಳಗೆ ಬಜೆಟ್ ಮಂಡನೆ. ಅನುದಾನ ಹಂಚಿಕೆಯಾದ ಮೇಲೆ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಕ್ರಿಯಾ ಯೋಜನೆ ತಯಾರಾಗುತ್ತದೆ. ಸದಸ್ಯರು ತಮ್ಮ ವಾರ್ಡಿನ ಪಟ್ಟಿ ಕೊಡುವುದು ಈ ಹೊತ್ತಿಗೆ. ಜೂನ್ ತಿಂಗಳಲ್ಲಿ ಗುಂಡಿ ತುಂಬಿದ ನೀರು ನೋಡಿ ನೀವು ಮನೆಯಿಂದ ಹೊರಡುವಾಗ ಆ ಪಟ್ಟಿ ಆಗಲೇ ಅವರ ಜೇಬಿನಲ್ಲಿರುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೆಲಸದ ಕಾಲ. ಒದ್ದೆ ನೆಲದ ಮೇಲೆ ಡಾಂಬರು ಕಚ್ಚುವುದಿಲ್ಲ, ಹಾಗಾಗಿ ಮಳೆಯಲ್ಲಿ ಹಾಕಿ ಎಂದು ಒತ್ತಾಯಿಸಲೂ ಬೇಡಿ.

ಚುನಾವಣೆ ಘೋಷಣೆಯಾದರೆ ಮಾದರಿ ನೀತಿ ಸಂಹಿತೆ ಬಂದು ಹೊಸ ಕೆಲಸಕ್ಕೆ ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಎಂದು ಗುತ್ತಿಗೆದಾರರಿಗೆ ಕೊಡುವ ಆದೇಶ, ನಿಲ್ಲುತ್ತದೆ. ಚುನಾವಣೆ ಹತ್ತಿರವಿದ್ದರೆ ಅದಕ್ಕೂ ಮೊದಲೇ ಟೆಂಡರ್ ಮುಗಿಯುವಂತೆ ಬೆನ್ನು ಹತ್ತಿ.

ಕೆಲವು ಊರುಗಳಲ್ಲಿ ಚುನಾಯಿತ ಮಂಡಳಿಯೇ ಇರುವುದಿಲ್ಲ. ಅವಧಿ ಮುಗಿದು ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಆಗ ಸದಸ್ಯರಿಗೆ ಕೊಡುವ ಪ್ರತಿಯನ್ನು ಆಡಳಿತಾಧಿಕಾರಿಗೆ ಕೊಡಿ.

ಹಂತ 5: ಅರ್ಜಿ, ಮುಖ್ಯವಾಗಿ ಕಾಮಗಾರಿಯ ಹೆಸರು

ಇಲ್ಲಿ ಸ್ವಲ್ಪ ನಿಂತು ಓದಿ.

ಕ್ರಿಯಾ ಯೋಜನೆಯ ಪ್ರತಿಯೊಂದನ್ನು ಕೈಗೆ ತೆಗೆದುಕೊಂಡರೆ ಸಾಲುಗಳು ಹೀಗಿರುತ್ತವೆ: "ವಾರ್ಡ್ ನಂ. 7ರಲ್ಲಿ ಇಂಥವರ ಮನೆಯಿಂದ ಇಂಥವರ ಮನೆಯವರೆಗೆ ಸಿ.ಸಿ. ರಸ್ತೆ ನಿರ್ಮಾಣ." ನಮ್ಮ ಊರುಗಳಲ್ಲಿ ರಸ್ತೆಗೆ ಹೆಸರಿಲ್ಲದ ಕಾರಣ ಈ ರೂಢಿ ಬೆಳೆದಿದೆ. ಆದರೆ ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನವರು ಮೂವರಿರುತ್ತಾರೆ. ಮನೆ ಮಾರಾಟವಾಗಿರುತ್ತದೆ. ಎರಡು ವರ್ಷದ ಹಿಂದೆ ಆದ ರಸ್ತೆಯನ್ನೇ ಎದುರು ಮನೆಯವರ ಹೆಸರಿನಲ್ಲಿ ಮತ್ತೊಮ್ಮೆ ಬರೆದು ಬಿಲ್ಲು ಮಾಡಿದರೂ ಕಾಗದ ನೋಡಿದವರಿಗೆ ಗೊತ್ತಾಗುವುದಿಲ್ಲ.

ನಮ್ಮ ಬೀದಿಗೆ ಆದದ್ದೂ ಇಷ್ಟೇ. ಅರ್ಜಿಯಲ್ಲಿ "ದೇವಸ್ಥಾನದ ಹಿಂಭಾಗದ ರಸ್ತೆ" ಎಂದು ಬರೆದಿದ್ದೆವು. ಮಂಜೂರಾಯಿತು, ಕೆಲಸವೂ ಆಯಿತು, ಆದರೆ ವಾರ್ಡಿನ ಇನ್ನೊಂದು ದೇವಸ್ಥಾನದ ಹಿಂದೆ. ಕಾಗದದ ಪ್ರಕಾರ ಯಾರದೂ ತಪ್ಪಿರಲಿಲ್ಲ. ಮತ್ತೆ ಎರಡು ವರ್ಷ ಕಾದೆವು.

ಆದ್ದರಿಂದ ಕಾಮಗಾರಿಯ ಹೆಸರನ್ನು ನೀವೇ ಬರೆದು ಕೊಡಿ. ಆಸ್ತಿ ಸಂಖ್ಯೆಯಿಂದ ಆಸ್ತಿ ಸಂಖ್ಯೆಗೆ, ಉದ್ದ ಅಗಲದೊಂದಿಗೆ, ಕದಲದ ಗುರುತುಗಳನ್ನು ಹಿಡಿದು. ಮಾದರಿ ಇಲ್ಲಿದೆ, ಬದಲಿಸಿಕೊಂಡು ಬಳಸಿ:

"ಮಾನ್ಯ ಮುಖ್ಯಾಧಿಕಾರಿಗಳಿಗೆ,
ವಿಷಯ: ವಾರ್ಡ್ ನಂ. __ರ 3ನೇ ಅಡ್ಡರಸ್ತೆಯನ್ನು ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಬಗ್ಗೆ.
ಆಸ್ತಿ ಸಂಖ್ಯೆ __ರಿಂದ ಆಸ್ತಿ ಸಂಖ್ಯೆ __ರವರೆಗೆ, ಓವರ್‌ಹೆಡ್ ಟ್ಯಾಂಕಿನ ಪೂರ್ವಕ್ಕೆ ಇರುವ ಈ ರಸ್ತೆ 80 ಮೀಟರ್ ಉದ್ದ, 4 ಮೀಟರ್ ಅಗಲ ಇದೆ. 26 ಮನೆಗಳಿವೆ. ಒಳಚರಂಡಿ ಮತ್ತು ನೀರಿನ ಪೈಪು ಹಾಕಿಯಾಗಿದೆ. ಈ ಹಿಂದೆ ಯಾವ ಅನುದಾನದಲ್ಲೂ ಇಲ್ಲಿ ಕಾಮಗಾರಿ ಆಗಿರುವುದಿಲ್ಲ. ಶಾಲಾ ಮಕ್ಕಳು ಇದೇ ದಾರಿಯಲ್ಲಿ ಹೋಗುತ್ತಾರೆ. ಚರಂಡಿ ಸಹಿತ ಸಿ.ಸಿ. ರಸ್ತೆಗೆ ಅಂದಾಜುಪಟ್ಟಿ ತಯಾರಿಸಿ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಫೋಟೊ ಮತ್ತು ನಿವಾಸಿಗಳ ಸಹಿ ಲಗತ್ತಿಸಿದೆ."

"ಒಳಚರಂಡಿ, ನೀರಿನ ಪೈಪು ಹಾಕಿಯಾಗಿದೆ" ಎಂಬ ಸಾಲು ನಿಜವಾಗಿದ್ದರೆ ಮಾತ್ರ ಬರೆಯಿರಿ. ಪೈಪು ಹಾಕದ ಬೀದಿಗೆ ರಸ್ತೆ ಕೇಳುವುದು ದೊಡ್ಡ ತಪ್ಪು. ರಸ್ತೆ ಮಾಡಿದ ಆರು ತಿಂಗಳಿಗೆ ಜೆಸಿಬಿ ಬಂದು ನಡುಮಧ್ಯೆ ಅಗೆದು, ಮಣ್ಣು ಮುಚ್ಚಿ ಹೋದ ಬೀದಿಗಳನ್ನು ಪ್ರತಿ ಊರಲ್ಲೂ ಕಾಣಬಹುದು. ಪೈಪು ಬಾಕಿಯಿದ್ದರೆ ಮೊದಲು ಅದನ್ನು ಕೇಳಿ. ಮನೆಗಳವರೂ ತಮ್ಮ ನಲ್ಲಿ ಸಂಪರ್ಕ, ಒಳಚರಂಡಿ ಸಂಪರ್ಕಗಳನ್ನು ರಸ್ತೆಗೆ ಮೊದಲೇ ಮುಗಿಸಿಕೊಳ್ಳಲಿ.

ಅರ್ಜಿಯನ್ನು ಟಪಾಲು ವಿಭಾಗದಲ್ಲೇ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ. ಸದಸ್ಯರಿಗೆ, ಜೆ.ಇ. ಅವರಿಗೆ ಒಂದೊಂದು ಪ್ರತಿ ಕೊಡಿ. ಕೈಗೆ ಕೊಟ್ಟ ಅರ್ಜಿ ಕಳೆದುಹೋದರೆ ಕೇಳಲು ದಾರಿಯಿರುವುದಿಲ್ಲ, ಸಂಖ್ಯೆ ಬಿದ್ದ ಅರ್ಜಿಗೆ ಒಂದು ಕಡತ ಇದ್ದೇ ಇರುತ್ತದೆ.

ಗುಂಡಿ ಮುಚ್ಚುವುದಕ್ಕೆ ಇಷ್ಟೆಲ್ಲ ಬೇಡ. ಅದು ನಿರ್ವಹಣೆಯ ಕೆಲಸ. ಪುರಸಭೆಗೆ ದೂರು ಕೊಡಿ, ಕೆಲಸ ಆಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಆದರೆ 1902ಕ್ಕೆ ಹೊಸ ರಸ್ತೆ ಬೇಕು ಎಂದು ದೂರು ಕೊಟ್ಟರೆ "ಅನುದಾನ ಬಂದ ನಂತರ ಪರಿಶೀಲಿಸಲಾಗುವುದು" ಎಂದು ಮುಗಿಸುತ್ತಾರೆ. ಎರಡು ದಾರಿ ಬೇರೆ ಬೇರೆ.

ಹಂತ 6: ಪಟ್ಟಿಯಿಂದ ಕಾರ್ಯಾದೇಶದವರೆಗೆ

ಅರ್ಜಿ ಕೊಟ್ಟ ಮೇಲೆ ಕಡತ ಹೋಗುವ ದಾರಿ ಹೀಗಿರುತ್ತದೆ. ಸಾಮಾನ್ಯ ಸಭೆಯಲ್ಲಿ ಕ್ರಿಯಾ ಯೋಜನೆಗೆ ಠರಾವು, ಅಂದರೆ ಸಭೆಯ ನಿರ್ಣಯ. ಶಾಸಕರು, ಸಂಸದರೂ ಈ ಸಭೆಯ ಸದಸ್ಯರೇ. ಹಣಕಾಸು ಆಯೋಗಗಳ ಅನುದಾನವಾದರೆ ಜಿಲ್ಲಾಧಿಕಾರಿಗಳ ಅನುಮೋದನೆ. ನಂತರ ಜೆ.ಇ. ಸ್ಥಳಕ್ಕೆ ಬಂದು ಅಳತೆ ಮಾಡಿ ಅಂದಾಜುಪಟ್ಟಿ ಬರೆಯುತ್ತಾರೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಯಾವ ಸಾಮಗ್ರಿ ಎಷ್ಟು, ಖರ್ಚೆಷ್ಟು ಎಂದು ಲೆಕ್ಕ ಹಾಕಿದ ಕಾಗದ ಅದು. ಅದಕ್ಕೆ ಮೇಲಿನ ಎಂಜಿನಿಯರಿಂದ ತಾಂತ್ರಿಕ ಮಂಜೂರಾತಿ. ಆಮೇಲೆ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್, ಕೊನೆಗೆ ಗುತ್ತಿಗೆದಾರರಿಗೆ ಕಾರ್ಯಾದೇಶ.

ಈ ದಾರಿಯಲ್ಲಿ ಸಾಲು ಅಳಿಸಿಹೋಗುವ ಜಾಗಗಳು ಎರಡು. ಒಂದು, "ಬದಲಿ ಕಾಮಗಾರಿ". ಮಂಜೂರಾದ ಕೆಲಸದ ಬದಲು ಬೇರೆ ಬೀದಿಯನ್ನು ಸೇರಿಸುವ ಠರಾವು. ಹಾಗಾಗಿ ಒಮ್ಮೆ ಪಟ್ಟಿ ನೋಡಿ ಸಮಾಧಾನಪಟ್ಟು ಮನೆಗೆ ಹೋಗಬೇಡಿ, ಟೆಂಡರ್ ಕರೆಯುವವರೆಗೂ ತಿಂಗಳಿಗೊಮ್ಮೆ ವಿಚಾರಿಸಿ. ಎರಡು, ಅಂದಾಜುಪಟ್ಟಿ. ಕ್ರಿಯಾ ಯೋಜನೆಯ ಮೊತ್ತ ಸಾಲದಿದ್ದರೆ ಉದ್ದ ಕಡಿಮೆ ಮಾಡುತ್ತಾರೆ, ಇಲ್ಲವೇ ಚರಂಡಿ ಬಿಡುತ್ತಾರೆ. ಉದ್ದ ಕಡಿಮೆಯಾದರೆ ಒಪ್ಪಿಕೊಳ್ಳಿ. ಚರಂಡಿ ಬಿಡಲು ಒಪ್ಪಬೇಡಿ. ನೀರು ಹೋಗಲು ದಾರಿಯಿಲ್ಲದ ರಸ್ತೆ ಎರಡು ಮಳೆಗಾಲ ತಡೆಯುವುದಿಲ್ಲ. ಜೆ.ಇ. ಅಳತೆಗೆ ಬಂದ ದಿನ ಬೀದಿಯವರು ಇಬ್ಬರಾದರೂ ಜೊತೆಗಿರಿ. ರಸ್ತೆಯ ಮಟ್ಟ ಮನೆಗಳ ಹೊಸ್ತಿಲಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ ಎಂದು ಅಲ್ಲೇ ಕೇಳಿ. ಹಳೆಯದನ್ನು ಕೆತ್ತಿ ತೆಗೆಯದೆ ಅದರ ಮೇಲೇ ಹಾಕುತ್ತಾ ಹೋದರೆ ಮಳೆ ನೀರು ಅಂಗಳಕ್ಕೆ ನುಗ್ಗುತ್ತದೆ.

ಈ ವರ್ಷದ ಪಟ್ಟಿ ತಪ್ಪಿಹೋಯಿತೇ? ಇನ್ನೊಂದು ಅವಕಾಶವಿದೆ, ಕೆಲವರಿಗಷ್ಟೇ ಗೊತ್ತು. ಗುತ್ತಿಗೆದಾರರು ಅಂದಾಜಿಗಿಂತ ಕಡಿಮೆ ದರಕ್ಕೆ ಟೆಂಡರ್ ಹಾಕಿದಾಗ ಹಣ ಉಳಿಯುತ್ತದೆ. ಈ "ಟೆಂಡರ್ ಉಳಿತಾಯ"ದ ಮೊತ್ತಕ್ಕೆ ಪೂರಕ ಕ್ರಿಯಾ ಯೋಜನೆ ಮಾಡುತ್ತಾರೆ. ದೊಡ್ಡ ರಸ್ತೆಗೆ ಸಾಲದಿದ್ದರೂ ಒಂದು ಮೋರಿ, ಮುರಿದ ಚರಂಡಿ, ಮೂವತ್ತು ನಲವತ್ತು ಮೀಟರಿನ ಅಡ್ಡರಸ್ತೆಗೆ ಸಾಕು. ಟೆಂಡರ್ ತೆರೆದ ಮೇಲೆ ಜೆ.ಇ. ಅವರನ್ನು ಕಂಡು ಉಳಿತಾಯ ಎಷ್ಟಾಯಿತು ಎಂದು ಕೇಳಿ, ಹಿಂದಿನ ಅರ್ಜಿಯ ಸಂಖ್ಯೆ ಹಾಕಿ ನೆನಪೋಲೆ ಕೊಡಿ.

ಹಂತ 7: ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು

ಕೋಪದಲ್ಲಿ ಮಾಹಿತಿ ಹಕ್ಕು ಅರ್ಜಿ ಬರೆಯಬೇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. "ನಮಗೇಕೆ ರಸ್ತೆ ಮಾಡಿಲ್ಲ?" ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂದು ತಿರಸ್ಕರಿಸಬಹುದು. ದಾಖಲೆಯ ಪ್ರತಿ ಕೇಳಿ:

"ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಾರ್ಡ್ ನಂ. __ರ ರಸ್ತೆ ಮತ್ತು ಚರಂಡಿ ಕಾಮಗಾರಿಗಳಿಗೆ ಸಂಬಂಧಿಸಿದ ಅನುಮೋದಿತ ಕ್ರಿಯಾ ಯೋಜನೆ, ಕಾರ್ಯಾದೇಶ ಹಾಗೂ ಅಂತಿಮ ಬಿಲ್ಲಿನ ದೃಢೀಕೃತ ಪ್ರತಿಗಳನ್ನು ಒದಗಿಸುವುದು."

30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಮೂರು ವರ್ಷದ ಪಟ್ಟಿ ಕೈಗೆ ಬಂದಾಗ ಅದನ್ನು ಹಿಡಿದುಕೊಂಡು ವಾರ್ಡಿನಲ್ಲಿ ಒಂದು ಸುತ್ತು ನಡೆಯಿರಿ. ಒಂದೇ ಬೀದಿಗೆ ಮೂರು ಸಲ, ನಿಮ್ಮದಕ್ಕೆ ಒಮ್ಮೆಯೂ ಇಲ್ಲ ಎಂದು ಕಾಗದದ ಮೇಲೆ ತೋರಿಸಿದರೆ ಮುಂದಿನ ಸಭೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹಳ್ಳಿಯವರಿಗೆ

ನಿಮ್ಮ ದಾರಿ ಹತ್ತಿರದ್ದು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆಯಲ್ಲಿ ಬೇಡಿಕೆ ಪಟ್ಟಿಯಾಗಿ, ಗ್ರಾಮ ಸಭೆಯಲ್ಲಿ ಆದ್ಯತೆ ನಿಗದಿಯಾಗಬೇಕು. ನಿಮ್ಮ ರಸ್ತೆ ಆ ಎರಡೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ನೋಡದೆ ಸಹಿ ಹಾಕಬೇಡಿ. ಖಾಲಿ ಪುಟದಲ್ಲಿ ಸಹಿ ಕೇಳಿದರೆ ಕೊಡಲೇಬೇಡಿ. ಮುಂದಿನ ವಿಚಾರಣೆಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅವರನ್ನು ಕಾಣಿ.

ಹಂತ 8: ಕೆಲಸ ನಡೆಯುವಾಗ

ಮಾರ್ಚ್ 31ರೊಳಗೆ ಬಿಲ್ಲು ಮಾಡುವ ಅವಸರದಲ್ಲಿ ರಾತ್ರೋರಾತ್ರಿ ಹಾಕಿ ಮುಗಿಸುವುದುಂಟು. ಕಾರ್ಯಾದೇಶ ಮತ್ತು ಅಂದಾಜುಪಟ್ಟಿಯ ಪ್ರತಿ ಮೊದಲೇ ನಿಮ್ಮ ಹತ್ತಿರ ಇರಲಿ. ದಪ್ಪ ಅಳೆಯಲು ಎಂಜಿನಿಯರ್ ಆಗಬೇಕಿಲ್ಲ. ಕಾಂಕ್ರೀಟ್ ಸುರಿಯುವ ಮೊದಲು ಎರಡೂ ಬದಿಗೆ ನಿಲ್ಲಿಸುವ ಕಬ್ಬಿಣದ ಪಟ್ಟಿಯ ಎತ್ತರಕ್ಕೆ ಟೇಪು ಹಿಡಿಯಿರಿ. ಅಂಚಿನಲ್ಲಿ 15 ಸೆಂಟಿಮೀಟರ್ ಇದ್ದು ನಡುವೆ ಮಣ್ಣು ಉಬ್ಬಿಸಿ 10ಕ್ಕೆ ಇಳಿಸಿರಬಹುದು, ಆದ್ದರಿಂದ ಅಡ್ಡಲಾಗಿ ದಾರ ಕಟ್ಟಿ ನಡುವೆಯೂ ಅಳೆಯಿರಿ. ವ್ಯತ್ಯಾಸ ಕಂಡರೆ ಕೂಲಿಯವರ ಮೇಲೆ ಕೂಗಾಡಬೇಡಿ. ಟೇಪು ಕಾಣುವಂತೆ ಫೋಟೊ ತೆಗೆದು ಜೆ.ಇ. ಅವರಿಗೆ ಅದೇ ಕ್ಷಣ ಕಳಿಸಿ, ಮರುದಿನ ಲಿಖಿತವಾಗಿ ಕೊಡಿ. ಬಿಲ್ಲು ಆಗುವುದು ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ಜೆ.ಇ. ಬರೆಯುವ ಅಳತೆಯ ಮೇಲೆ. ಅದಕ್ಕೂ ಮೊದಲು ನಿಮ್ಮ ಪತ್ರ ಕಡತದಲ್ಲಿರಬೇಕು.

ಹಾಕಿದ ಮೇಲಿನ ಜವಾಬ್ದಾರಿ ಅರ್ಧ ನಮ್ಮದೇ. ಸಿ.ಸಿ. ರಸ್ತೆಗೆ ಕನಿಷ್ಠ 14 ದಿನ ತೇವ ಆರದಂತೆ ನೀರುಣಿಸಬೇಕು. ಸಣ್ಣ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೋ ಗೋಣಿಚೀಲ ಹಾಸಿ ನೆನೆಸುವುದೋ ಗುತ್ತಿಗೆದಾರರ ಕೆಲಸ, ಅವರು ಮಾಡುತ್ತಿದ್ದಾರೆಯೇ ಎಂದು ನೋಡುವುದು ನಮ್ಮ ಕೆಲಸ. ಬೀದಿಯ ಎರಡೂ ತುದಿಗೆ ಕಲ್ಲು, ಮುಳ್ಳಿನ ಕೊಂಬೆ ಇಟ್ಟು ಗಾಡಿ ಬರದಂತೆ ತಡೆಯಿರಿ. "ನಮ್ಮ ಮನೆ ಕಾರು ಒಂದೇ ಒಂದ್ ಸಲ" ಎಂದವರ ಚಕ್ರದ ಗುರುತು ಆ ರಸ್ತೆ ಇರುವವರೆಗೂ ಇರುತ್ತದೆ.

ಕೆಲಸ ಮುಗಿದ ದಿನಾಂಕವನ್ನೂ, ಕಾರ್ಯಾದೇಶದಲ್ಲಿ ಬರೆದಿರುವ ದೋಷ ಹೊಣೆಗಾರಿಕೆ ಅವಧಿಯನ್ನೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಅವಧಿಯೊಳಗೆ ರಸ್ತೆ ಒಡೆದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಅದಕ್ಕಾಗಿಯೇ ಅವರ ಭದ್ರತಾ ಠೇವಣಿ ಪುರಸಭೆಯಲ್ಲಿರುತ್ತದೆ. ಅವಧಿ ಮುಗಿಯಲು ಎರಡು ತಿಂಗಳಿರುವಾಗ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಬಿರುಕು, ಕುಸಿತಗಳ ಫೋಟೊ ತೆಗೆದು ಅರ್ಜಿ ಕೊಡಿ. ಠೇವಣಿ ವಾಪಸಾದ ಮೇಲೆ ಕೊಟ್ಟರೆ ಅದೇ ರಿಪೇರಿಗೆ ಮತ್ತೆ ಕ್ರಿಯಾ ಯೋಜನೆಯಿಂದಲೇ ಶುರು ಮಾಡಬೇಕಾಗುತ್ತದೆ.